ನೀರು ಎಷ್ಟನೇ ಮೆಟ್ಟಿಲಿಗೆ ಬರ್ತದ, ಅದೊಂದು ಹೇಳ್ರಿ

2020ರ ಅಕ್ಟೋಬರ್ ತಿಂಗಳು. ಭೀಮಾ ನದಿ ಉಕ್ಕಿ ಬಂದಿತ್ತು. ಅಫಜಲಪುರ ತಾಲ್ಲೂಕಿನ ನಮ್ಮೂರಿನಲ್ಲಿ ಹಣಮಂದೇವರ ಗುಡಿ ಕಟ್ಟೆ ಮೇಲೆ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಹೆಚ್ಚುಕಡಿಮೆ ಎಲ್ಲರ ಫೋನಿಗೂ ಒಂದೇ ಮೆಸೇಜ್ ಬಂದಿತ್ತು. ಮಹಾರಾಷ್ಟ್ರದ ಉಜನಿ, ವೀರ್ ಜಲಾಶಯಗಳಿಂದ ಇಷ್ಟು ಕ್ಯೂಸೆಕ್ ನೀರು ಬಿಟ್ಟಿದ್ದಾರೆ, ಸೊನ್ನ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್ ಮುಂದಕ್ಕೆ ಹೋಗುತ್ತಿದೆ, ನದಿ ಪಾತ್ರದ ಜನ ಸುರಕ್ಷಿತ ಸ್ಥಳಗಳಿಗೆ ತೆರಳಬೇಕು. ಲೆಕ್ಕ ಸರಿಯಾಗಿಯೇ ಇತ್ತು. ಹೊತ್ತಿಗೂ ಬಂದಿತ್ತು.

ಪಕ್ಕದ ಮನೆಯ ಆಯಿ ನನ್ನ ತೋಳು ಹಿಡಿದಳು. ಎಂಬತ್ತು ದಾಟಿದ ಜೀವ. "ತಮ್ಮಾ, ಕ್ಯೂಸೆಕ್ ಅಂದ್ರ ಏನೋ ನನಗ ತಿಳಿಯಂಗಿಲ್ಲ. ನೀರು ಗುಡಿ ಎಷ್ಟನೇ ಮೆಟ್ಟಿಲಿಗೆ ಬರ್ತದ, ಅದೊಂದು ಹೇಳು" ಅಂದಳು.

ನನಗೆ ಹೇಳಲಿಕ್ಕೆ ಆಗಲಿಲ್ಲ. ಕಲಬುರಗಿಯಲ್ಲಿ ಇಪ್ಪತ್ತು ವರ್ಷ ಪತ್ರಿಕೆಯಲ್ಲಿ ಕೆಲಸ ಮಾಡಿದವನು ನಾನು. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್ ನೀರು ಅಂತ ಗೊತ್ತು. ಎಷ್ಟೋ ಸಲ ತಲೆಬರಹದಲ್ಲಿ ಬರೆದಿದ್ದೇನೆ. ಆದರೆ ಲಕ್ಷಗಟ್ಟಲೆ ಕ್ಯೂಸೆಕ್ ನಮ್ಮ ಗುಡಿ ಮುಂದೆ ಎಷ್ಟು ಎತ್ತರಕ್ಕೆ ನಿಲ್ಲುತ್ತದೆ? ಆ ಲೆಕ್ಕ ನನ್ನ ಹತ್ತಿರ ಇರಲಿಲ್ಲ. ಕಳಿಸಿದವರನ್ನೇ ಕೇಳೋಣ ಅಂತ ಆ ಮೆಸೇಜ್ ಬಂದ ವಾಟ್ಸಾಪ್ ಗುಂಪು ತೆಗೆದೆ. ಬರೆಯುವ ಜಾಗದಲ್ಲಿ ಒಂದೇ ಸಾಲು ಇತ್ತು. ಅಡ್ಮಿನ್‌ಗಳು ಮಾತ್ರ ಮೆಸೇಜ್ ಕಳಿಸಬಹುದು.

ಕೊನೆಗೆ ಉತ್ತರ ಕೊಟ್ಟಿದ್ದು ಮೀನು ಹಿಡಿಯುವ ಒಬ್ಬ ಕಾಕಾ. "ಘತ್ತರಗಿ ಸೇತುವಿ ಮುಳುಗೇದಂತ. ಹೊತ್ತು ಮುಳುಗೋದ್ರೊಳಗ ಇಲ್ಲಿ ನೀರು ಬರ್ತದ. ಏಳ್ರಿ ಇನ್ನ" ಅಂದ. ಜನ ಎದ್ದರು. ಕಾಳಿನ ಚೀಲ ಹೊತ್ತರು, ದನದ ಹಗ್ಗ ಬಿಚ್ಚಿದರು, ಎತ್ತರದಲ್ಲಿದ್ದ ಶಾಲೆ ಕಡೆ ನಡೆದರು. ಮೆಸೇಜ್ ಬಂದು ಆಗಲೇ ಮೂರು ತಾಸಾಗಿತ್ತು.

ಆ ಮೂರು ತಾಸು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಸರ್ಕಾರ ಹೇಳಿತ್ತು. ಜನ ಓದಿದ್ದರು. ಆದರೂ ಯಾರೂ ಎದ್ದಿರಲಿಲ್ಲ.

ನಾನು ಚಿಕ್ಕವನಿದ್ದಾಗ ಸರ್ಕಾರದ ಸುದ್ದಿ ನಮ್ಮೂರಿಗೆ ಬರುತ್ತಿದ್ದದ್ದು ಹಲಗೆ ಸದ್ದಿನ ಜೊತೆ. ಡಂಗುರ ಸಾರುವ ಅಜ್ಜ ಓಣಿ ಓಣಿ ತಿರುಗುತ್ತಿದ್ದ. ಪ್ರತಿ ತಿರುವಿನಲ್ಲೂ ನಿಂತು ನಾಲ್ಕು ಪೆಟ್ಟು ಹೊಡೆದು, "ಕೇಳ್ರಪ್ಪೋ ಕೇಳ್ರಿ, ನಾಳಿ ಮುಂಜಾನಿ ದನಗೋಳಿಗಿ ಸೂಜಿ ಹಾಕ್ತಾರ, ಚಾವಡಿ ಮುಂದ ಹೊಡ್ಕೊಂಡು ಬರ್ರಿ" ಅಂತ ಕೂಗುತ್ತಿದ್ದ. ಹಿಟ್ಟಿನ ಕೈಯಲ್ಲೇ ಹೆಂಗಸರು ಬಾಗಿಲಿಗೆ ಬರುತ್ತಿದ್ದರು. ಒಮ್ಮೆ ನಮ್ಮವ್ವ ಕೇಳಿದ್ದು ನೆನಪಿದೆ. "ಗಬ್ಬದ ಎಮ್ಮಿಗೂ ಹಾಕ್ತಾರೇನೋ?" ಅಜ್ಜ ಸ್ವಲ್ಪ ಯೋಚಿಸಿ, "ಕೇಳಿ ಹೇಳ್ತೀನವ್ವಾ" ಅಂದು ಮುಂದೆ ಹೋದ. ಸಂಜೆ ಅದೇ ದಾರಿಯಲ್ಲಿ ಬಂದು, ಬಾಗಿಲಲ್ಲಿ ನಿಂತು, "ಡಾಕ್ಟರಿಗಿ ತೋರಿಸಿ ಹಾಕಸ್ರಿ ಅಂದಾರವ್ವಾ" ಅಂತ ಹೇಳಿ ಹೋದ.

ಆ ಕಾಲ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಆ ಅಜ್ಜನಿಗೆ ಆ ಕೆಲಸ ಬಂದದ್ದು ಹುಟ್ಟಿದ ಜಾತಿಯಿಂದ. ಊರಿನ ಸುದ್ದಿಯನ್ನೆಲ್ಲ ಹೊತ್ತು ತಿರುಗಿದವನಿಗೆ ನಮ್ಮ ಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ. ಸಿಗುತ್ತಿದ್ದದ್ದು ಸುಗ್ಗಿಯಲ್ಲಿ ಒಂದಿಷ್ಟು ಜೋಳ. ಅವನ ಮೊಮ್ಮಗ ಹಲಗೆ ಮುಟ್ಟಲಿಲ್ಲ, ಓದಿ ನೌಕರಿ ಹಿಡಿದ. ಅದೇ ಸರಿ. ನಾನು ನೆನೆಯುವುದು ಸಂಜೆ ಅವನು ತಿರುಗಿ ಬಂದದ್ದನ್ನು ಮಾತ್ರ.

ನಮ್ಮ ಭಾಗದಲ್ಲಿ ಸರ್ಕಾರದ ಕಾಗದ ಅಂದರೆ ಬೇರೆಯವರ ಕೈಲಿ ಓದಿಸಿಕೊಳ್ಳುವ ವಸ್ತು. ಇದಕ್ಕೆ ದೊಡ್ಡ ಇತಿಹಾಸವೇ ಇದೆ. 1948ರ ಸೆಪ್ಟೆಂಬರ್ 17ರವರೆಗೆ ಕಲಬುರಗಿ, ಬೀದರ್, ರಾಯಚೂರು ಎಲ್ಲ ನಿಜಾಮರ ಕೈಯಲ್ಲಿದ್ದವು. ಆಡಳಿತದ ಭಾಷೆ ಉರ್ದು. ನಮ್ಮಜ್ಜನ ಕಬ್ಬಿಣದ ಟ್ರಂಕಿನಲ್ಲಿ ಜಮೀನಿನ ಉರ್ದು ಕಾಗದಗಳು ಇನ್ನೂ ಇವೆ. ಮಡಿಕೆಗಳಲ್ಲಿ ಹರಿದು ಹೋಗಿವೆ. ಅಜ್ಜನಿಗೆ ಅವು ಒಂದಕ್ಷರ ಓದಲು ಬರುತ್ತಿರಲಿಲ್ಲ. ಆದರೆ ಎಲ್ಲಿ ಮೊಹರಿದೆ, ಎಲ್ಲಿ ತನ್ನ ಹೆಬ್ಬೆಟ್ಟಿದೆ ಅಂತ ಬೆರಳಿಟ್ಟು ತೋರಿಸುತ್ತಿದ್ದ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅರ್ಜಿ, ಜಮೀನು, ತಕರಾರು, ಮಂಜೂರು, ದಾಖಲೆ, ಕಚೇರಿ. ಇವೆಲ್ಲ ಪಾರಸಿ, ಉರ್ದು ಕಡೆಯಿಂದ ಬಂದ ಮಾತುಗಳು. ಇವತ್ತು ನಮ್ಮೂರಿನ ಯಾವ ಮುದುಕಿಗೂ ಇವುಗಳ ಅರ್ಥ ಹೇಳಿಕೊಡಬೇಕಿಲ್ಲ. ಅವಳಿಗೆ ತಿಳಿಯದಿರುವುದು ಈಗಿನ ಕನ್ನಡ. ಫಲಾನುಭವಿ, ದೃಢೀಕರಣ, ಪರಿಷ್ಕೃತ, ಸ್ಥಗಿತಗೊಳಿಸಲಾಗಿರುತ್ತದೆ. "ನಿಮ್ಮ ರೊಕ್ಕ ನಿಂತಿದೆ" ಅನ್ನುವುದಕ್ಕೆ ಇಷ್ಟು ದೊಡ್ಡ ಮಾತು ಯಾಕೆ ಬೇಕು? ಉರ್ದು ಹೋಗಿ ಕನ್ನಡ ಬಂತು. ಆದರೆ ಓದಿಸಿಕೊಳ್ಳುವುದು ತಪ್ಪಲಿಲ್ಲ.

ನಾನು ಪತ್ರಿಕೆಗೆ ಸೇರಿದ್ದು 1998ರಲ್ಲಿ. ಆಗ ಸಂಜೆ ಐದಾದರೆ ನಾವೆಲ್ಲ ವರದಿಗಾರರು ವಾರ್ತಾ ಇಲಾಖೆ ಕಚೇರಿಗೆ ಸೈಕಲ್ ಹೊಡೆಯುತ್ತಿದ್ದೆವು. ಟೈಪ್ ಮಾಡಿದ ಪ್ರೆಸ್ ನೋಟ್ ಝೆರಾಕ್ಸ್ ಆಗಿ ಬರುತ್ತಿತ್ತು, ಮುಟ್ಟಿದರೆ ಇನ್ನೂ ಬೆಚ್ಚಗಿರುತ್ತಿತ್ತು. ಅಲ್ಲೇ ನಿಂತು ಓದಿ, "ಸರ್, ಈ ಬೋರ್‌ವೆಲ್ ಯಾವ ಊರಿಂದು?" ಅಂತ ಕೇಳುತ್ತಿದ್ದೆವು. ಅವರಿಗೆ ಗೊತ್ತಿಲ್ಲದಿದ್ದರೆ ನಮ್ಮೆದುರೇ ಸಂಬಂಧಪಟ್ಟ ಇಲಾಖೆಗೆ ಫೋನ್ ಮಾಡುತ್ತಿದ್ದರು. ಒಂದು ಚಹಾ ಕುಡಿಯುವಷ್ಟರಲ್ಲಿ ಆ ನೋಟಿನ ತಪ್ಪು ತಿದ್ದಿ ಆಗಿರುತ್ತಿತ್ತು.

ಆಮೇಲೆ ಫ್ಯಾಕ್ಸ್, ಇಮೇಲ್ ಬಂದವು. ಈಗ ವಾಟ್ಸಾಪ್. ಸಭೆ ಮುಗಿಯುವ ಮೊದಲೇ ಫೋಟೊ, ವಿಡಿಯೊ, ಬರಹ ಎಲ್ಲ ಬಂದು ಬೀಳುತ್ತದೆ. ಮಂತ್ರಿಗಳು, ಅಧಿಕಾರಿಗಳು ತಮ್ಮ ತಮ್ಮ ಪುಟದಲ್ಲೇ ನೇರವಾಗಿ ಹೇಳುತ್ತಾರೆ. ಮೊದಲು ಸರ್ಕಾರ ಜನರನ್ನು ಮುಟ್ಟಬೇಕಾದರೆ ನಮ್ಮಂಥವರ ಕೈ ದಾಟಬೇಕಿತ್ತು. ಈಗ ದಾಟಬೇಕಿಲ್ಲ. ಇದರಲ್ಲಿ ಒಳ್ಳೆಯದು ಬಹಳ ಇದೆ. ಆಳಂದದ ಹುಡುಗನೊಬ್ಬ ನೇಮಕಾತಿ ಆದೇಶವನ್ನು ಬೆಂಗಳೂರಿನವರು ನೋಡಿದ ಹೊತ್ತಿಗೇ ನೋಡುತ್ತಾನೆ. ಪತ್ರಿಕೆಯಲ್ಲಿ ಜಾಗ ಸಿಗದೆ ಬಿದ್ದು ಹೋಗುತ್ತಿದ್ದ ಸಣ್ಣ ಸಣ್ಣ ಪ್ರಕಟಣೆಗಳೂ ಈಗ ಜನರಿಗೆ ಸಿಗುತ್ತವೆ. ಆದರೆ "ಯಾವ ಊರಿಂದು ಸರ್?" ಅನ್ನುವ ಆ ಪ್ರಶ್ನೆ ಮಧ್ಯದಲ್ಲಿ ಎಲ್ಲೋ ಕಳೆದುಹೋಯಿತು. ಬಂದದ್ದನ್ನು ಬಂದ ಹಾಗೆ ಅಂಟಿಸುವುದು ನಮ್ಮವರಿಗೂ ರೂಢಿಯಾಯಿತು. ನಾನೂ ಅಂಟಿಸಿದ್ದೇನೆ.

ಲಾಭದ ಲೆಕ್ಕ ಬಿಡಬಾರದು. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. 15 ರೂಪಾಯಿಗೆ ಪಹಣಿ ಕೈಗೆ ಬಂತು. ಅದಕ್ಕೂ ಮುಂಚೆ ಒಂದು ಪಹಣಿಗಾಗಿ ನಮ್ಮಪ್ಪ ಎಷ್ಟು ದಿನ ಅಲೆದಿದ್ದ ಅಂತ ನಾನು ಕಣ್ಣಾರೆ ನೋಡಿದ್ದೇನೆ. 2012ರ ಏಪ್ರಿಲ್‌ನಲ್ಲಿ ಸಕಾಲ ಬಂತು. ಅರ್ಜಿ ಕೊಟ್ಟರೆ ನಂಬರ್ ಸಿಗಬೇಕು, ಇಂತಿಷ್ಟು ದಿನದಲ್ಲಿ ಕೆಲಸ ಆಗಬೇಕು ಅಂತ ಕಾನೂನೇ ಹೇಳಿತು. ಆಮೇಲೆ ಆನ್‌ಲೈನಿನಲ್ಲಿ ಅರ್ಜಿ ಹಾಕುವ ಸೇವಾ ಸಿಂಧು, ಊರಿನಲ್ಲೇ ಅರ್ಜಿ ಹಾಕಿಸುವ ಗ್ರಾಮ ಒನ್ ಕೇಂದ್ರ. ದೂರು ಹೇಳಲು 1902 ಸಹಾಯವಾಣಿ. ಜಾತಿ ಪ್ರಮಾಣಪತ್ರಕ್ಕೆ ತಾಲ್ಲೂಕು ಕೇಂದ್ರಕ್ಕೆ ಹೋಗಿ, ಕೂಲಿ ಕಳೆದುಕೊಂಡು, ರಾತ್ರಿ ಬಸ್ ತಪ್ಪಿಸಿಕೊಂಡು ಬರುವುದು ತಪ್ಪಿತು. ಇದು ಸಣ್ಣ ಮಾತಲ್ಲ.

ನನ್ನ ನೋವು ಇರುವುದು ಬೇರೆ ಕಡೆ. ಕಳಿಸಿದರೆ ಮುಟ್ಟಿತು ಅಂತ ತಿಳಿಯುವುದರಲ್ಲಿ.

ಕೊರೊನಾ ದಿನಗಳನ್ನು ನೆನೆಯಿರಿ. 2020ರ ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ ಹಿರಿಯರೊಬ್ಬರಿಗೆ ಕೊರೊನಾ ಇತ್ತು ಅಂತ ಎರಡು ದಿನದ ಮೇಲೆ ಖಚಿತವಾಯಿತು. ಅದು ದೇಶದ ಮೊದಲ ಕೊರೊನಾ ಸಾವು. ಇಡೀ ದೇಶದ ಕಣ್ಣು ಕಲಬುರಗಿ ಮೇಲೆ ಬಿತ್ತು. ಆ ವಾರ ನಗರ ಹೇಗಿತ್ತು ಅಂತ ಅಲ್ಲಿದ್ದವರಿಗೇ ಗೊತ್ತು. ಸೂಪರ್ ಮಾರ್ಕೆಟ್ ಬೀದಿಯಲ್ಲಿ ಹಗಲು ಹೊತ್ತಿನಲ್ಲೇ ನಾಯಿಗಳು ಮಲಗಿದ್ದವು. ಮನೆಯೊಳಗೆ ಫೋನುಗಳು ಮಾತ್ರ ಗುಯ್‌ಗುಟ್ಟುತ್ತಿದ್ದವು. ಇಂಥ ಓಣಿಯಲ್ಲಿ ಹತ್ತು ಜನಕ್ಕೆ ಬಂದಿದೆ, ಇಂಥ ಅಂಗಡಿಗೆ ಹೋದವರೆಲ್ಲರಿಗೂ ತಗುಲಿದೆ, ಕೋಳಿ ತಿನ್ನಬೇಡಿ. ಸರ್ಕಾರದ ಬುಲೆಟಿನ್ ಬರುತ್ತಿದ್ದದ್ದು ದಿನಕ್ಕೊಂದು ಸಲ. ಸುಳ್ಳು ಬರುತ್ತಿದ್ದದ್ದು ನಿಮಿಷಕ್ಕೊಂದು.

ಆಗ ನಮ್ಮ ಬಡಾವಣೆಯಲ್ಲಿ ಕೆಲಸಕ್ಕೆ ಬಂದದ್ದು ಏನು ಗೊತ್ತಾ? ಮೈಕ್ ಕಟ್ಟಿದ ಆಟೊ, ಮತ್ತು ಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆ. ಆಟೊ ಕನ್ನಡದಲ್ಲಿ ಒಮ್ಮೆ, ದಖನಿ ಉರ್ದುವಿನಲ್ಲಿ ಒಮ್ಮೆ ಕೂಗಿಕೊಂಡು ಹೋಗುತ್ತಿತ್ತು. ಆಶಾ ಅಕ್ಕ ಗೇಟಿನ ಹೊರಗೆ ನಿಂತು, "ಅವ್ವಾರ, ಕೆಮ್ಮು ಐತೇನ್ರಿ? ಹೊರಗಿಂದ ಯಾರಾದರ ಬಂದಾರೇನ್ರಿ?" ಅಂತ ಕೇಳುತ್ತಿದ್ದಳು. ನಮ್ಮವ್ವ ಅವಳ ಹತ್ತಿರ ಕೋಳಿಯ ಸುದ್ದಿ ಕೇಳಿದಳು. "ಬೇಯಿಸಿ ತಿಂದ್ರ ಏನೂ ಆಗಂಗಿಲ್ಲ ಬಿಡ್ರಿ" ಅಂದಳು ಆಕೆ. ಎರಡು ವಾರದಿಂದ ವಾಟ್ಸಾಪ್ ಹುಟ್ಟಿಸಿದ್ದ ಹೆದರಿಕೆ ಒಂದು ಮಾತಿಗೆ ಇಳಿಯಿತು. ಎದುರಿಗೆ ನಿಂತು ಹೇಳಿದಳು, ಅದಕ್ಕೇ ನಮ್ಮವ್ವ ನಂಬಿದಳು.

ಈಗಲೂ ಮಳೆಗಾಲದಲ್ಲಿ ನೋಡಿ. ಶಾಲೆಗೆ ರಜೆ ಅನ್ನುವ ಆದೇಶದ ಫೋಟೊ ಓಡಾಡುತ್ತದೆ. ಹಿಂದಿನ ಆದೇಶವೊಂದರ ದಿನಾಂಕ ಅಳಿಸಿ ಯಾರೋ ಹರಿಬಿಟ್ಟಿರುತ್ತಾರೆ. ಆಮೇಲೆ ಜಿಲ್ಲಾಡಳಿತ ಅದರ ಮೇಲೆ ಕೆಂಪಕ್ಷರದಲ್ಲಿ ಸುಳ್ಳು ಸುದ್ದಿ ಅಂತ ಬರೆದು ಮತ್ತೆ ಹಾಕಬೇಕಾಗುತ್ತದೆ. ಸರ್ಕಾರದ ಸುದ್ದಿಯೇ ಫೋಟೊ ಆಗಿ, ಪೋಸ್ಟರ್ ಆಗಿ ಬರತೊಡಗಿದ ಮೇಲೆ ನಿಜಕ್ಕೂ ಸುಳ್ಳಿಗೂ ಒಂದೇ ಅಂಗಿ ಆಯಿತು. ನಾಯಕರ ಮುಖ ಅರ್ಧ ಪೋಸ್ಟರ್ ತುಂಬಿರುತ್ತದೆ. ಕೊನೆಯ ದಿನಾಂಕ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ. ಕಣ್ಣು ಕಾಣದವರ ಫೋನು ಗಟ್ಟಿಯಾಗಿ ಓದಿ ಹೇಳುತ್ತದಲ್ಲ, ಇಂಥ ಚಿತ್ರದ ಮುಂದೆ ಅದು ತಡವರಿಸುತ್ತದೆ. ಹುಡುಕಿದರೂ ಮತ್ತೆ ಸಿಗುವುದಿಲ್ಲ. ಮೇಲೆ ದೊಡ್ಡದಾಗಿ ದಿನಾಂಕ, ಕೆಳಗೆ ಯಾರನ್ನು ಕೇಳಬೇಕು ಅನ್ನುವ ಒಂದು ಫೋನ್ ನಂಬರ್, ನಡುವೆ ನಾಲ್ಕು ಸಾಲು ಬರಹ. ಇಷ್ಟು ಸಾಕು. ಇದಕ್ಕೆ ದುಡ್ಡೇನೂ ಜಾಸ್ತಿ ಬೇಕಿಲ್ಲ ಅಲ್ವಾ?

ಹೋದ ವರ್ಷ ಬೇಸಿಗೆಯಲ್ಲಿ ಊರಿಗೆ ಹೋದಾಗ ನಡೆದದ್ದು ಹೇಳುತ್ತೇನೆ. ದೂರದ ಸಂಬಂಧದ ಚಿಗವ್ವ ಒಬ್ಬಳಿದ್ದಾಳೆ. ನಾಲ್ಕು ತಿಂಗಳಿಂದ ಅವಳ ಪಿಂಚಣಿ ಬಂದಿರಲಿಲ್ಲ. ಯಾಕೆ ಅಂತ ಅವಳಿಗೆ ಗೊತ್ತಿಲ್ಲ. ನಾನು ಕರೆದುಕೊಂಡು ಆನ್‌ಲೈನ್ ಅಂಗಡಿಗೆ ಹೋದೆ. ಅಂಗಡಿ ಹುಡುಗ ಆಧಾರ್ ನಂಬರ್ ಹಾಕಿ ನೋಡಿ, "ಆಯಿ, ನಿಮಗ ಮೆಸೇಜ್ ಹಾಕ್ಯಾರಲ್ಲ, ಮೂರು ಸಲ ಹಾಕ್ಯಾರ. ಕೆವೈಸಿ ಮಾಡಸ್ರಿ ಅಂತ" ಅಂದ. ಕೆವೈಸಿ ಅಂದರೆ ಗುರುತು ಖಾತ್ರಿ ಮಾಡಿಸುವುದು. ಚಿಗವ್ವನ ಹತ್ತಿರ ಫೋನೇ ಇಲ್ಲ. ಆಧಾರಿಗೆ ಕೊಟ್ಟ ನಂಬರ್ ಮಗನದು. ಮಗ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಗುಳೆ ಹೋಗಿ ಆರು ವರ್ಷ ಆಯಿತು.

ಅಂಗಡಿ ಹುಡುಗ ಚಿಗವ್ವನ ಬೆರಳು ಒತ್ತಿಸಿ ನೋಡಿದ. ಅರವತ್ತು ವರ್ಷ ಕಳೆ ಕಿತ್ತ ಕೈ, ಗೆರೆ ಸವೆದು ಹೋಗಿವೆ. ಮಷಿನ್ ಹಿಡಿಯಲಿಲ್ಲ. ತೆಂಗಿನೆಣ್ಣೆ ಸವರಿ, ಸೆರಗಿನಿಂದ ಒರೆಸಿ, ಹತ್ತೂ ಬೆರಳು ಆಯಿತು. ಕೊನೆಗೆ ಓಟಿಪಿ ಕಳಿಸಿದ. ಅದು ಬೆಂಗಳೂರಿಗೆ ಹೋಯಿತು. ನಾನು ಮಗನಿಗೆ ಫೋನ್ ಹಚ್ಚಿದೆ. ಅವನು ಆರನೇ ಮಹಡಿಯಲ್ಲಿ ಕೆಲಸದ ಮೇಲಿದ್ದ, ಗದ್ದಲದಲ್ಲಿ ಕೇಳಿಸಲಿಲ್ಲ. ಎರಡನೇ ಸಲ ಎತ್ತಿದ. "ತಡಿ ಅಣ್ಣಾ, ಕೈ ಸಿಮೆಂಟ್ ಆಗ್ಯಾವ" ಅಂದ. ಕೈ ತೊಳೆದು ನೋಡುವಷ್ಟರಲ್ಲಿ ಓಟಿಪಿಯ ಹೊತ್ತು ಮುಗಿದಿತ್ತು. ಮತ್ತೆ ಕಳಿಸಿದರು. ಮೂರನೇ ಸಲಕ್ಕೆ ಆರು ಅಂಕಿ ಸರಿಯಾಗಿ ಬಂದವು.

ಚಿಗವ್ವ ಅಷ್ಟು ಹೊತ್ತೂ ಬೆಂಚಿನ ಮೇಲೆ ಸುಮ್ನೆ ಕೂತಿದ್ದಳು. ಹೊರಗೆ ಬಂದ ಮೇಲೆ ಕೇಳಿದಳು. "ನನಗ ಹೇಳೋದು ಅವನಿಗ್ಯಾಕ ಹೇಳ್ಯಾರ?"

ಆ ಮಗನೂ ಮೆಸೇಜ್ ನೋಡಿರಲಿಲ್ಲ. ನೋಡಿದ್ದರೂ ಲಾಟರಿ, ಸಾಲದ ಮೆಸೇಜುಗಳ ನಡುವೆ ಅದೂ ಒಂದು ಅಂತ ಬಿಟ್ಟಿರುತ್ತಿದ್ದ. ಲಿಂಕ್ ಒತ್ತಬೇಡಿ, ದುಡ್ಡು ಹೋಗುತ್ತದೆ ಅಂತ ಪೊಲೀಸರೇ ಹೇಳಿದ್ದಾರಲ್ಲ. ನಿಜವಾದ ಸರ್ಕಾರದ ಮೆಸೇಜೂ ಲಿಂಕ್ ಒತ್ತಿ ಅನ್ನುತ್ತದೆ. ಅವನು ಯಾವುದನ್ನು ನಂಬಬೇಕು? ಕಂಪ್ಯೂಟರಿನಲ್ಲಿ ಮಾತ್ರ ಮೂರು ಸಲ ತಿಳಿಸಲಾಗಿದೆ ಅಂತ ದಾಖಲಾಗಿತ್ತು. ಪಂಚಾಯಿತಿಯ ಗೋಡೆಗೆ ಹೆಸರಿನ ಪಟ್ಟಿ ಒಂದು ಹಚ್ಚಿದ್ದರೆ ಓಣಿಯ ಯಾವ ಹುಡುಗನಾದರೂ ಅದೇ ಸಂಜೆ ಓಡಿ ಬಂದು ಹೇಳುತ್ತಿದ್ದ.

ಗೋಡೆಯ ಮಾತು ನಾನು ಹಳೆಯ ಅಭಿಮಾನದಿಂದ ಹೇಳುತ್ತಿಲ್ಲ. ನಮ್ಮ ಕಾನೂನಿನಲ್ಲೇ ಅದಿದೆ. 2005ರ ಮಾಹಿತಿ ಹಕ್ಕು ಕಾಯ್ದೆ ಅಂದರೆ ಅರ್ಜಿ ಹಾಕಿ ಮಾಹಿತಿ ಕೇಳುವುದು ಅಂತ ಮಾತ್ರ ಬಹಳ ಜನ ತಿಳಿದಿದ್ದಾರೆ. ಅದರ 4ನೇ ಕಲಮಿನಲ್ಲಿ ಇನ್ನೊಂದು ಸಂಗತಿ ಇದೆ. ಯಾರೂ ಕೇಳದೆ ಇದ್ದರೂ ಸರ್ಕಾರ ತಾನಾಗಿಯೇ ಮಾಹಿತಿ ಹೊರಗೆ ಇಡಬೇಕು. ಹಾಗೆ ಹೇಳುವಾಗ ಆ ಜಾಗದ ಭಾಷೆಯನ್ನೂ, ಆ ಜಾಗದಲ್ಲಿ ಚೆನ್ನಾಗಿ ಮುಟ್ಟುವ ದಾರಿಯನ್ನೂ ನೋಡಿಕೊಳ್ಳಬೇಕು. ಯಾವ ದಾರಿ ಅಂತಲೂ ಅಲ್ಲೇ ಬರೆದಿದ್ದಾರೆ. ನೋಟಿಸ್ ಬೋರ್ಡ್, ಪತ್ರಿಕೆ, ಸಾರ್ವಜನಿಕ ಪ್ರಕಟಣೆ, ಪ್ರಸಾರ ಮಾಧ್ಯಮ, ಇಂಟರ್ನೆಟ್. ನೋಟಿಸ್ ಬೋರ್ಡ್ ಮೊದಲಿಗಿದೆ. ಸಾರ್ವಜನಿಕ ಪ್ರಕಟಣೆ ಅಂದರೆ ನಮ್ಮ ಡಂಗುರವೇ ತಾನೆ. ಇಂಟರ್ನೆಟ್ ಕೂಡ ಆ ಸಾಲಿನಲ್ಲಿದೆ, ಇವೆಲ್ಲದರ ಜೊತೆ. ಒಂದು ಬಂತು ಅಂತ ಉಳಿದದ್ದನ್ನು ಕಿತ್ತು ಹಾಕಿ ಅಂತ ಆ ಕಾನೂನು ಎಲ್ಲೂ ಹೇಳಿಲ್ಲ.

ನಮ್ಮ ಭಾಗಕ್ಕೆ ಇದು ಇನ್ನೂ ಜಾಸ್ತಿ ಬೇಕು. ಔರಾದ್ ಕಡೆ ಹೋದರೆ ಮರಾಠಿ. ಗುರುಮಠಕಲ್, ಸೇಡಂ ಕಡೆ ತೆಲುಗು. ತಾಂಡಾಗಳಲ್ಲಿ ಲಂಬಾಣಿ. ಕಲಬುರಗಿ, ಬೀದರ್ ಪೇಟೆಯಲ್ಲಿ ದಖನಿ. ಬೆಂಗಳೂರಿನಲ್ಲಿ ಕೂತು ಬರೆದ ಒಂದೇ ಕನ್ನಡದ ಮೆಸೇಜ್ ಈ ಎಲ್ಲ ಕಿವಿಗಳಿಗೆ ಹೊಂದುತ್ತದೆಯೇ? 1966ರಿಂದ ನಮ್ಮ ಕಲಬುರಗಿ ಆಕಾಶವಾಣಿ ಇದೆ. ಹೊಲದಲ್ಲಿ ಬದುವಿನ ಮೇಲೆ ರೇಡಿಯೊ ಇಟ್ಟುಕೊಂಡು ತೊಗರಿ ಬಿಡಿಸುತ್ತಿದ್ದ ನಮ್ಮಪ್ಪನಿಗೆ ಹವಾಮಾನ, ಧಾರಣೆ, ಕೀಟದ ಔಷಧಿ ಎಲ್ಲ ಅಲ್ಲಿಂದಲೇ ಗೊತ್ತಾಗುತ್ತಿತ್ತು. ಧಾರವಾಡದ್ದೂ ಅಲ್ಲ, ಬೆಂಗಳೂರಿನದೂ ಅಲ್ಲ, ನಮ್ಮ ಮಾತು ಅನ್ನಿಸುತ್ತಿತ್ತು ಅದು.

ಹೊಸ ತಂತ್ರಜ್ಞಾನದಿಂದಲೇ ಹುಟ್ಟಿದ ಒಂದು ಒಳ್ಳೆಯ ದಾರಿಯೂ ಇದೆ. 2023ರ ಅಕ್ಟೋಬರ್ 12ರಂದು ನಮ್ಮೆಲ್ಲರ ಫೋನು ಒಮ್ಮೆಗೇ ಜೋರಾಗಿ ಅರಚಿದ್ದು ನೆನಪಿರಬಹುದು. ಅಪಾಯದ ಮುನ್ನೆಚ್ಚರಿಕೆಯ ಪರೀಕ್ಷೆ ಅದು. ಟವರ್ ವ್ಯಾಪ್ತಿಯಲ್ಲಿರುವ ಫೋನುಗಳಿಗೆಲ್ಲ ಒಟ್ಟಿಗೇ ಹೋಗುತ್ತದೆ. ಯಾರ ನಂಬರೂ ಬೇಡ, ಇಂಟರ್ನೆಟ್ಟೂ ಬೇಡ. ಬೆಂಗಳೂರಿನಲ್ಲಿರುವ ಮಗನಿಗಲ್ಲ, ಭೀಮಾ ದಂಡೆಯಲ್ಲಿರುವವರಿಗೇ ಮುಟ್ಟುತ್ತದೆ. ನಿಂತ ಜಾಗ ನೋಡಿ ಹೇಳುವ ಈ ವ್ಯವಸ್ಥೆ ನನಗೆ ಬಹಳ ಹಿಡಿಸಿತು. ಆದರೆ ಅದರೊಳಗೆ ಬರೆಯುವ ಮಾತು ಮತ್ತೆ ಕ್ಯೂಸೆಕ್‌ನಲ್ಲೇ ಇದ್ದರೆ ಆಯಿ ಏನು ಮಾಡಬೇಕು?

ಇದಕ್ಕೆ ಉತ್ತರ ಹುಡುಕಿದ್ದು ನಮ್ಮ ಅಣ್ಣನ ಮಗಳು. ಕಲಬುರಗಿಯಲ್ಲಿ ಡಿಗ್ರಿ ಓದುತ್ತಾಳೆ. 2020ರಲ್ಲಿ ನೀರು ಎಲ್ಲಿಗೆ ಬಂದಿತ್ತು ಅಂತ ಹಿರಿಯರನ್ನು ಕೇಳಿ, ಗುಡಿಯ ಮೆಟ್ಟಿಲುಗಳಿಗೆ ಕೆಳಗಿನಿಂದ ನಂಬರ್ ಹಾಕಿ, ಕೆಂಪು ಬಣ್ಣದ ಗೆರೆ ಎಳೆದಳು. ಆಮೇಲೆ ಪ್ರತಿ ಮಳೆಗಾಲ ಸೊನ್ನದಿಂದ ಎಷ್ಟು ಬಿಟ್ಟರು, ನಮ್ಮಲ್ಲಿ ಎಷ್ಟನೇ ಮೆಟ್ಟಿಲಿಗೆ ಬಂತು, ಎಷ್ಟು ತಾಸು ಹಿಡಿಯಿತು ಅಂತ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಮೀನಿನ ಕಾಕಾನನ್ನು ಪಕ್ಕಕ್ಕೆ ಕೂರಿಸಿಕೊಂಡೇ ಬರೆದಳು. ಊರಿನದೇ ಒಂದು ವಾಟ್ಸಾಪ್ ಗುಂಪು ಮಾಡಿದಳು. ಓದಲು ಬಾರದವರಿಗಾಗಿ ಅದರಲ್ಲಿ ಬರೀ ಧ್ವನಿ. ಯಾರು ಬೇಕಾದರೂ ಮಾತಾಡಬಹುದು. ಪಂಚಾಯಿತಿಯವರನ್ನೂ, ತಾಲ್ಲೂಕಿನ ಒಬ್ಬ ಅಧಿಕಾರಿಯನ್ನೂ ಬೆನ್ನು ಹತ್ತಿ ಅದಕ್ಕೆ ಸೇರಿಸಿದಳು.

2025ರ ಸೆಪ್ಟೆಂಬರ್‌ನಲ್ಲಿ ಭೀಮಾ ಮತ್ತೆ ಉಕ್ಕಿದಳು. ನಾನು ಕಲಬುರಗಿಯ ಮನೆಯಲ್ಲಿದ್ದೆ. ಮಧ್ಯಾಹ್ನ ಗುಂಪಿನಲ್ಲಿ ಹುಡುಗಿಯ ದನಿ ಬಂತು. "ಎಲ್ಲಾರೂ ಕೇಳ್ರಿ. ಸೊನ್ನದಾಗ ನೀರು ಜಾಸ್ತಿ ಬಿಟ್ಟಾರ. ನಮ್ಮ ಲೆಕ್ಕದಾಗ ರಾತ್ರಿ ಎಂಟರೊಳಗ ಮೂರನೇ ಮೆಟ್ಟಿಲಿಗೆ ಬರ್ತದ. ಹೊಳಿ ಕಡಿ ಓಣಿಯವರು ಈಗ ಸಾಲಿಗಿ ಹೋಗ್ರಿ. ದನ ಬಿಚ್ಚರಿ." ಹಿಂದೆಯೇ ಒಂದೊಂದೇ ದನಿ. ನಾವು ಹೊಂಟೀವಿ. ನಮ್ಮ ಮನ್ಯಾಗ ಬಾಣಂತಿ ಅದಾಳ, ಗಾಡಿ ಬೇಕು. ಗಾಡಿ ಕಳಿಸ್ತೀನಿ ತಡ್ರಿ. ಬಾಣಂತಿ ಸಾಲಿ ಮುಟ್ಟ್ಯಾಳ.

ಏಳು ಗಂಟೆಗೆ ಇನ್ನೊಂದು ಬಂತು. ಮೊದಲು ಗಾಳಿ ಸದ್ದು, ಆಮೇಲೆ ನೀರಿನ ಸದ್ದು. ಯಾರೋ ಫೋನ್ ಒತ್ತಿ ಹಿಡಿದುಕೊಂಡಿದ್ದರು ಅನ್ನಿಸುತ್ತದೆ. ಪಕ್ಕದ ಮನೆಯ ಆಯಿಯ ದನಿ ಅದು.

"ಮಗಳಾ, ಮೂರನೇದು ಅಂದ್ಯಲ್ಲ, ಈಗ ನಾಲ್ಕನೇದಕ್ಕ ಬಂದದ. ನಾ ಸಾಲಿ ಮಾಳಿಗಿ ಮ್ಯಾಲಿಂದ ಬ್ಯಾಟ್ರಿ ಹಾಕಿ ನೋಡ್ಲಿಕತ್ತೀನಿ. ನಿಮ್ಮ ಸಾಹೇಬ್ರಿಗೂ ಹೇಳು."